ಕುದುರೆಮೆಂತೆಯಂತಿದ್ದ ಗಿಡ

ಕಾಲೇಜಿನ ಮೇಲಿನ ಮಹಡಿಯಲ್ಲಿ, ಮೆಟ್ಟಿಲು ಮುಗಿಯುವಲ್ಲೇ, ಒಣಗಿಡಗಳ ಕೋಣೆಯಿತ್ತು. ಕಬ್ಬಿಣದ ಕಪಾಟುಗಳು, ನುಸಿಗುಳಿಗೆಯ ವಾಸನೆ, ಕಿಟಕಿಗೆ ಒರಗಿಸಿದ ಒಂದು ಉದ್ದನೆಯ ಮೇಜು. ಒತ್ತಿ ಒಣಗಿಸಿದ ಗಿಡಗಳನ್ನು ದಪ್ಪ ಹಾಳೆಗೆ ಅಂಟಿಸಿ, ಕಾಂಡ ಎದ್ದು ಬರದ ಹಾಗೆ ದಾರದಲ್ಲಿ ಹೊಲಿಯುವುದು ಅವಳ ಕೆಲಸ. ಕೂದಲು ನರೆಯುವ ತನಕ ಅದನ್ನೇ ಮಾಡಿದ್ದಳು. ನೆಂಟರೆಲ್ಲ ಅವಳನ್ನು ಒಣಸೊಪ್ಪಿನಕ್ಕ ಎನ್ನುತ್ತಿದ್ದರು. ಯಾರ ಮನೆಗೆ ಹೋದರೂ ಕುಂಡದಲ್ಲಿ ತಾನೇ ಹುಟ್ಟಿಕೊಂಡ ಗಿಡವನ್ನು ತೋರಿಸಿ ಇದೇನು ಎಂದು ಕೇಳುವವರೇ. ಹೇಳದಿದ್ದರೆ ಜಂಬ ಎನ್ನುತ್ತಾರೆ, ಹೇಳಿದರೆ ಪಾಠ ಶುರುವಾಯಿತು ಎನ್ನುತ್ತಾರೆ ಎಂದು ಅವಳೇ ನಗುತ್ತಿದ್ದಳು.

ಅವಳಿಗಿದ್ದವನು ಒಬ್ಬನೇ ತಮ್ಮ. ಮೋಟಾರು ನುಗ್ಗದ ಓಣಿಗಳಿಗೆ ಕುದುರೆಗಾಡಿಯಲ್ಲಿ ಇಟ್ಟಿಗೆ, ಸಿಮೆಂಟು ಸಾಗಿಸುತ್ತಿದ್ದ. ಗಾಡಿಗೆ ಕಟ್ಟುತ್ತಿದ್ದದ್ದು ಕೆಂಪಿ ಎಂಬ ಹೆಣ್ಣು ಕುದುರೆ. ಅದರ ಮರಿಯೂ ಈಗ ಎದೆಯೆತ್ತರ ಬೆಳೆದು, ಗಾಡಿಯ ಹಿಂದೆ ಸುಮ್ಮನೆ ಓಡಾಡಿಕೊಂಡಿತ್ತು. ಮುಚ್ಚಿಹೋದ ಗಿರಣಿಯ ಗೋಡೆಗೆ ತಗಡು ಹೊದಿಸಿ ಲಾಯ ಮಾಡಿಕೊಂಡಿದ್ದ. ಮಕ್ಕಳಿಲ್ಲದ ಮನೆ. ಕೆಂಪಿಯ ಮೈ ಉಜ್ಜದೆ ಅವನು ಬಾಯಿಗೆ ನೀರು ಹಾಕುತ್ತಿರಲಿಲ್ಲ. ನನಗಿಂತ ಅವಳೇ ಹೆಚ್ಚು ಎಂದು ಅವನ ಹೆಂಡತಿ ಬೈಯುತ್ತಿದ್ದಳು. ಬೈಯುತ್ತಲೇ ಮನೆಯಲ್ಲಿ ಉಳಿದ ರೊಟ್ಟಿಯ ಚೂರನ್ನು ಕುದುರೆಯ ಬಾಯಿಗೇ ಕೊಡುತ್ತಿದ್ದಳು.

ಒಂದು ದಿನ ಬೆಳಿಗ್ಗೆ ತಮ್ಮ ಫೋನು ಮಾಡಿದ. ಕೆಂಪಿ ಸರಿಯಾಗಿಲ್ಲ, ಮೇವು ಮುಟ್ಟುತ್ತಿಲ್ಲ, ಬರೀ ಆಕಳಿಸುತ್ತಾಳೆ ಎಂದ. ಕುದುರೆಯ ಕಾಯಿಲೆಗೆ ನಾನೇನು ಮಾಡಲಿ, ಡಾಕ್ಟರನ್ನು ಕರೆಸು ಎಂದಳು. ಡಾಕ್ಟರು ಇಲ್ಲೇ ಇದ್ದಾರೆ, ಅವರೇ ನಿನ್ನನ್ನು ಕರೆಯಲು ಹೇಳಿದರು ಎಂದ.

ಅವಳು ಹೋದಾಗ ಕೆಂಪಿ ಗಿರಣಿಯ ಗೋಡೆಗೆ ಹಣೆ ಒತ್ತಿಕೊಂಡು ನಿಂತಿತ್ತು. ಗೋಡೆಯನ್ನೇ ದೂಡಿ ಆಚೆ ಹೋಗಬೇಕು ಎಂಬಂತೆ ನಾಲ್ಕು ಕಾಲನ್ನೂ ಊರಿ ಒತ್ತುತ್ತಿತ್ತು. ಹಣೆಯ ಚರ್ಮ ಸುಲಿದಿತ್ತು. ತಮ್ಮ ಅಂಗೈಯನ್ನು ಗೋಡೆಗೂ ಹಣೆಗೂ ನಡುವೆ ಇಟ್ಟುಕೊಂಡು ನಿಂತಿದ್ದ. ಅವನ ಬೆರಳ ಗೆಣ್ಣುಗಳೂ ತರಚಿದ್ದವು. ಪಶುವೈದ್ಯರು ಕುದುರೆಯ ಕಣ್ಣಿನ ರೆಪ್ಪೆ ಬಿಡಿಸಿ ತೋರಿಸಿದರು, ಒಳಗೆಲ್ಲ ಹಳದಿ. ಪಿತ್ತಜನಕಾಂಗ ಕೆಟ್ಟಂತೆ ಕಾಣುತ್ತದೆ, ಮೇವಿನಲ್ಲಿ ಏನೋ ಬಂದಿರಬೇಕು, ನಿಮಗೆ ಗಿಡ ಗೊತ್ತಂತಲ್ಲ, ಒಮ್ಮೆ ನೋಡಿ ಎಂದರು.

ಮೇವು ಲಾಯದ ಮೂಲೆಯಲ್ಲಿ ಸೂರಿನ ತನಕ ಒಟ್ಟಿತ್ತು. ಗಿರಣಿಯ ಅಂಗಳದಲ್ಲಿ ಬೆಳೆದದ್ದನ್ನು ಕೊಯ್ದು ಒಣಗಿಸಿದ್ದು ಎಂದು ತಮ್ಮನ ಹೆಂಡತಿ ಹೇಳಿದಳು. ಅಕ್ಕ ಒಂದು ಹಿಡಿ ಎಳೆದಳು. ಹುಲ್ಲಿನ ನಡುವಿನಿಂದ ಗಿಲಗಿಲ ಎಂಬ ಸದ್ದು ಬಂತು. ಅಲ್ಲಾಡಿಸಿದಾಗ ಮತ್ತೆ ಬಂತು.

ಸೆರಗಿನ ಮೇಲೆ ಹರವಿಕೊಂಡು ಒಂದೊಂದಾಗಿ ಬಿಡಿಸಿದಳು. ಒಂದು ತೊಟ್ಟಿಗೆ ಮೂರು ಎಲೆ. ಕುದುರೆಗಳಿಗೆಂದೇ ಬೆಳೆಯುವ ಕುದುರೆಮೆಂತೆಗೂ ಹೀಗೆಯೇ ಮೂರು. ಆದರೆ ಅದರ ಎಲೆಯ ತುದಿಯಲ್ಲಿ ಸಣ್ಣ ಹಲ್ಲುಗಳಿರುತ್ತವೆ, ನಡುವಿನ ಎಲೆಯ ತೊಟ್ಟು ಪಕ್ಕದವಕ್ಕಿಂತ ಉದ್ದ. ಇದರ ಅಂಚು ಸಪಾಟು, ಮೂರರ ತೊಟ್ಟೂ ಒಂದೇ ಅಳತೆ. ಕುದುರೆಮೆಂತೆಯ ಕಾಯಿ ಬಸವನಹುಳುವಿನಂತೆ ಸುತ್ತಿಕೊಂಡಿರುತ್ತದೆ. ಇದರದ್ದು ಗಾಳಿ ತುಂಬಿದ ಪುಟ್ಟ ಚೀಲ, ಒಳಗೆ ಬೀಜಗಳು ಬಿಡಿಯಾಗಿ ಉರುಳುತ್ತವೆ. ಸದ್ದು ಅವುಗಳದ್ದೇ. ಒಂದು ಬಾಡಿದ ಹೂವೂ ಸಿಕ್ಕಿತು.

ಅವಳಿಗೆ ಗೊತ್ತಾಗಿಹೋಗಿತ್ತು. ಆದರೂ, ತಪ್ಪಿರಲಿ ಎಂಬ ಆಸೆಯಿಂದ, ಎಲ್ಲವನ್ನೂ ಕಾಗದದಲ್ಲಿ ಸುತ್ತಿಕೊಂಡು ಕಾಲೇಜಿಗೆ ಓಡಿದಳು.

ಸಸ್ಯಶಾಸ್ತ್ರದ ಮೇಷ್ಟ್ರು ಹೂವನ್ನು ಬಿಸಿನೀರಿಗೆ ಹಾಕಿದರು. ಅದು ಮೆತ್ತಗಾದ ಮೇಲೆ ಸೂಜಿಯಿಂದ ಬಿಡಿಸಿ, ಕನ್ನಡಕ ಹಣೆಗೇರಿಸಿ, ಭೂತಗನ್ನಡಿಗೆ ಕಣ್ಣು ಹಚ್ಚಿದರು. ಕೆಳಗಿನ ಎಸಳು ಕೊಕ್ಕಿನಂತೆ ಚೂಪಾಗಿತ್ತು. ಕೇಸರಗಳ ತುದಿಗಳು ಒಂದು ಉದ್ದ, ಒಂದು ಗಿಡ್ಡ ಇದ್ದವು. ಕಪಾಟಿನಿಂದ ಹಾಳೆ ತೆಗೆದು ಪಕ್ಕಕ್ಕಿಟ್ಟರು. ಆ ಹಾಳೆಯ ಹೊಲಿಗೆ ಅವಳದ್ದೇ. ಗಿಲಿಗಿಲಿ ಕಾಯಿಯ ಕಾಡುಜಾತಿ, ಸಂದೇಹವಿಲ್ಲ ಎಂದರು. ಹಸಿಯಾಗಿದ್ದಾಗ ಕಹಿ, ದನಕರು ಮೂಸಿ ಬಿಟ್ಟುಬಿಡುತ್ತವೆ. ಒಣಗಿದರೆ ಕಹಿ ತಿಳಿಯುವುದಿಲ್ಲ, ವಿಷ ಮಾತ್ರ ಹೋಗುವುದಿಲ್ಲ. ತಿಂಗಳುಗಟ್ಟಲೆ ಒಳಗೊಳಗೇ ಕೊರೆದು, ಮೇಲೆ ಕಾಣುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

"ಏನಾದ್ರೂ ಇದೆಯಾ ಸಾರ್, ಔಷಧಿ?"

ಮೇಷ್ಟ್ರು ಕನ್ನಡಕ ಇಳಿಸಿ ಒರೆಸತೊಡಗಿದರು. "ನಾವು ಹೆಸರು ಹೇಳೋರಮ್ಮ. ಅಷ್ಟೇ ನಮ್ಮ ಕೈಲಿ ಆಗೋದು."

ಮತ್ತೆ ಲಾಯಕ್ಕೆ ಬಂದು ವೈದ್ಯರಿಗೆ ಹೇಳಿದಳು. ಅವರು ತಲೆ ಆಡಿಸಿದರು. ಹೆಸರು ಸಿಕ್ಕಿದ್ದರಿಂದ ಒಂದು ಸ್ಪಷ್ಟವಾಯಿತು, ಇನ್ನು ಸೂಜಿ ಚುಚ್ಚಿ ಆ ಜೀವವನ್ನು ಗೋಳು ಹುಯ್ದುಕೊಳ್ಳುವುದು ಬೇಡ ಎಂದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು ಎಂದು ತಮಗೆ ತಾವೇ ಗೊಣಗಿ, ಹೊರಗೆ ಹೋಗಿ ನಿಂತರು.

ತಮ್ಮ ಅಂಗೈ ತೆಗೆದಿರಲಿಲ್ಲ. ಅಕ್ಕನ ಕಡೆ ನೋಡದೆ ಕೇಳಿದ:

"ಮಳೆ ಶುರುವಾದಾಗ ಫೋಟೋ ಕಳ್ಸಿದ್ನಲ್ಲಕ್ಕ, ಇದೇ ಗಿಡ ಅಲ್ವಾ?"

ಅವಳಿಗೆ ನೆನಪಿತ್ತು. ಮೊಣಕಾಲುದ್ದದ ಎಳೆಯ ಗಿಡ, ಹೂವಿಲ್ಲ, ಕಾಯಿಲ್ಲ, ಮಸುಕು ಫೋಟೋ. ಕಾಳಿನ ಜಾತಿ, ನೋಡಲು ಕುದುರೆಮೆಂತೆ ಇದ್ದ ಹಾಗಿದೆ, ಹೂ ಬಿಟ್ಟ ಮೇಲೆ ಇನ್ನೊಂದು ಕಳಿಸು ಎಂದಿದ್ದಳು. ಅವನು ಕಳಿಸಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ.

"ಥರ ಇದೆ ಅಂದಿದ್ದೆ ಕಣೋ. ಅದೇ ಅಂತ ಹೇಳಿರ್ಲಿಲ್ಲ."

"ಹ್ಞೂಂ. ಕುದುರೆ ಅಂತ ಹೆಸರಲ್ಲೇ ಇತ್ತಲ್ಲ. ನಾನು ಅದನ್ನೇ ಹಿಡ್ಕೊಂಡೆ."

ದೂರಿದ್ದರೆ ಅವಳು ಉತ್ತರ ಕೊಡುತ್ತಿದ್ದಳೇನೋ. ಅವನು ದೂರಲಿಲ್ಲ. ನೆರಳು ಗೋಡೆ ಏರುವ ಹೊತ್ತಿಗೆ ಕೆಂಪಿಯ ಕಾಲು ಕುಸಿಯಿತು. ವೈದ್ಯರು ಒಳಗೆ ಬಂದು ತಮ್ಮನ ಮುಖ ನೋಡಿದರು. ಅವನು ಕುದುರೆಯ ಕಿವಿಯನ್ನು ಹಿಡಿದು ಕುಳಿತ. ಕೊನೆಗೆ ಅವನ ಹೆಂಡತಿಯೇ ಆಗಲಿ ಎಂದು ತಲೆಯಾಡಿಸಿದಳು. ವೈದ್ಯರು ಕೊನೆಯ ಸೂಜಿ ಕೊಟ್ಟರು.

ಮಾರನೆಯ ವಾರ ಮೂವರೂ ಸೇರಿ ಮೇವನ್ನೆಲ್ಲ ಸುಟ್ಟರು. ಅಂಗಳದಲ್ಲಿ ಉಳಿದಿದ್ದ ಗಿಡಗಳನ್ನು ಬುಡಸಮೇತ ಕೀಳಲು ನೋಡಿದರು. ಕೀಳಲು ಹಿಡಿದರೆ ಸಾಕು, ಕಾಯಿ ಬಿರಿದು ಬೀಜ ಮಣ್ಣಿಗೆ ಚೆಲ್ಲುತ್ತಿತ್ತು. ಬಿಡಕ್ಕ, ಹೀಗಾದರೆ ನಾವೇ ಬಿತ್ತಿದ ಹಾಗಾಯಿತು ಎಂದು ತಮ್ಮನ ಹೆಂಡತಿ ಸೊಂಟ ಹಿಡಿದುಕೊಂಡು ಕುಳಿತಳು.

ಮರಿಯೂ ಅದೇ ಮೇವು ತಿಂದಿತ್ತು. ಅದರ ರಕ್ತ ಪರೀಕ್ಷೆ ಮಾಡಿಸಿದರು. ಸ್ವಲ್ಪ ಏರುಪೇರು ಇದೆ, ಉಳಿದರೂ ಉಳಿಯಬಹುದು, ಬರುವ ಬೇಸಿಗೆಯ ತನಕ ಏನೂ ಹೇಳಲಾಗದು ಎಂದರು ವೈದ್ಯರು. ಗಾಡಿ ಈಗ ಗೋಡೆಗೆ ಒರಗಿ ನಿಂತಿದೆ. ತಮ್ಮ ಇಟ್ಟಿಗೆಯನ್ನು ತಲೆಯ ಮೇಲೆ ಹೊರುತ್ತಾನೆ.

ರಜೆಯ ದಿನ ಅಕ್ಕ ಅಲ್ಲಿಗೆ ಹೋಗುತ್ತಾಳೆ. ತಂದ ಹುಲ್ಲನ್ನು ಎಳೆಎಳೆಯಾಗಿ ಆರಿಸಿ ಹಾಕುತ್ತಾಳೆ. ಮರಿ ತಿನ್ನುತ್ತದೆ. ನಡುವೆ ಒಮ್ಮೆ ತಲೆಯೆತ್ತಿ ಬಾಯಿ ತೆರೆದರೆ, ಅದು ಬರೀ ಆಕಳಿಕೆಯೋ ಇನ್ನೇನೋ ಎಂದು ಅಕ್ಕ ತಮ್ಮ ಇಬ್ಬರೂ ಮಾತು ನಿಲ್ಲಿಸಿ ನೋಡುತ್ತಾರೆ.