ಒಡೆಯದ ಕಾಯಿ, ಒಡೆದ ಗ್ಲಾಸು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಮೊದಲು ಇದನ್ನು ಹೇಳಿಬಿಡುತ್ತೇನೆ. ಕಾರಿನ ಗ್ಲಾಸಿನ ಕಥೆ ಆಮೇಲೆ. ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವನು ನಾನು. ಬರವಣಿಗೆ ಹಿಂದುಮುಂದಾದರೆ ಆ ಮಗುವಿನ ಮುಖ ನೋಡಿ ಕ್ಷಮಿಸಿ.

ಮಗಳು ಮಂಜುಳಾಗೆ ಮದುವೆಯಾಗಿ ಏಳು ವರ್ಷ. ಮಗುವಾದರೆ ಕುರುಡುಮಲೆ ಗಣಪನಿಗೆ ಈಡುಗಾಯಿ ಹೊಡೆಯುತ್ತೇನೆಂದು ಹರಕೆ ಹೊತ್ತಿದ್ದೆ. ಕೋಲಾರದ ಆಸ್ಪತ್ರೆಯಿಂದ ತಾಯಿ ಮಗುವನ್ನು ಕರೆತರುವ ದಿನ, ಬೆಳಗ್ಗೆಯೇ ಅದನ್ನು ತೀರಿಸಲು ಹೊರಟೆ. ಮಗು ಮನೆಗೆ ಬರುವುದು ನಮ್ಮ ಹಳೇ ಕಾರಿನಲ್ಲೇ ಆಗಬೇಕೆಂಬುದು ನನ್ನ ಆಸೆ. ಇಪ್ಪತ್ತು ವರ್ಷದಿಂದ ಟೊಮೆಟೊ, ನೆಂಟರು, ಮದುಮಗಳು ಎಲ್ಲವನ್ನೂ ಹೊತ್ತ ಗಾಡಿ ಅದು. ಗಣಪ ಅದನ್ನೂ ಒಂದು ಸಲ ನೋಡಲಿ ಎಂದು ಕಾಯಿ ಹೊಡೆಯುವ ಕಲ್ಲಿನ ಪಕ್ಕಕ್ಕೇ ನಿಲ್ಲಿಸಿದೆ. ತಪ್ಪಾದದ್ದು ಅಲ್ಲೇ.

ಈಡುಗಾಯಿ ಹೊಡೆಯುವುದಕ್ಕೆ ಒಂದು ಹದವಿದೆ. ಸಂತೋಷಕ್ಕೆ ಎಲ್ಲಿಯ ಹದ? ಏಳು ವರ್ಷದ ಬಲವನ್ನೆಲ್ಲ ಹಾಕಿ ಬೀಸಿದೆ. ಕಾಯಿ ಕಲ್ಲಿನ ಅಂಚಿಗೆ ತಗುಲಿ, ಚಿಮ್ಮಿ, ಕಾರಿನ ಹಿಂಬಾಗಿಲ ಗ್ಲಾಸಿಗೆ ಬಡಿಯಿತು. ಗ್ಲಾಸು ಕಲ್ಲುಸಕ್ಕರೆಯಂತೆ ಸುರಿಯಿತು. ಕಾಯಿ ಮಾತ್ರ ಜುಟ್ಟು ಸಮೇತ ಸೀಟಿನ ಮೇಲೆ ಕೂತಿತ್ತು.

ಪೂಜಾರಪ್ಪ ಬಗ್ಗಿ ನೋಡಿ, "ಒಡೀಬೇಕಾದ್ದು ಒಡೀತಲ್ಲ, ಬಿಡಿ ಯಜಮಾನ್ರೇ" ಅಂದರು.

ಆಸ್ಪತ್ರೆಯಲ್ಲಿದ್ದ ನನ್ನಾಕೆಗೆ ಫೋನ್ ಮಾಡಿದೆ. "ಬಾಣಂತಿಗೆ, ಮಗೀಗೆ ಗಾಳಿ ಸೋಕ್ಬಾರ್ದು. ಹನ್ನೆರಡರೊಳಗೆ ಗ್ಲಾಸಿದ್ರೆ ನಿಮ್ಮ ಕಾರು. ಇಲ್ದಿದ್ರೆ ಬಾಡಿಗೆ ಕಾರು" ಎಂದು ಇಟ್ಟುಬಿಟ್ಟಳು.

ಮುಳಬಾಗಿಲಿನ ಮೆಕ್ಯಾನಿಕ್ ಬಾಷಾನ ಹತ್ತಿರ ಓಡಿದೆ. ಸೀಟಿನ ಮೇಲಿದ್ದ ಕಾಯಿ ನೋಡಿ ಅವನು ನಕ್ಕ.

"ಏನ್ ತಾತಾ, ಕಾಯಿ ಹೊಡ್ದಿದ್ದು ದೇವ್ರಿಗಾ, ಕಾರಿಗಾ?"

ಈ ಗಾಡಿಗೆ ಹೊಸ ಗ್ಲಾಸು ಈಗ ಸಿಗುವುದಿಲ್ಲವಂತೆ. ಗುಜರಿ ಕಾರೊಂದರಿಂದ ಬಿಚ್ಚಿ ತಂದ. ಕೊಂಚ ಹಸಿರು ಬಣ್ಣದ್ದು. ಬಾಗಿಲ ಒಳಹಲಗೆ ಕಳಚಿ, ಚೂರು ಗುಡಿಸಿ, ರಬ್ಬರು ಒತ್ತಿ ಕೂರಿಸತೊಡಗಿದ. ನಾನು ಚೂರೊಂದನ್ನು ಅಂಗೈಯಲ್ಲಿ ಉಜ್ಜಿ ನೋಡಿದೆ. ಚುಚ್ಚಲಿಲ್ಲ.

"ಒಳಗಿರೋರ್ಗೆ ಕುಯ್ಬಾರ್ದು ಅಂತ ಹಂಗೇ ಮಾಡಿರ್ತಾರೆ ತಾತಾ" ಅಂದ ಬಾಷಾ.

ಇದನ್ನು ಕಂಡುಹಿಡಿದವನು ಖಂಡಿತ ಯಾರೋ ತಾತನೇ ಇರಬೇಕು. ಒಡೆಯುವಾಗಲೂ ಒಳಗಿರುವವರನ್ನು ನೆನೆಯುವ ಗುಣ ಮನುಷ್ಯರಲ್ಲೇ ಅಪರೂಪ.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಆಸ್ಪತ್ರೆ ಮುಟ್ಟಿದೆ. ನನ್ನಾಕೆ ಹಿಡಿ ತಿರುಗಿಸಿ ಗ್ಲಾಸನ್ನು ಮೂರು ಸಲ ಇಳಿಸಿ ಏರಿಸಿದಳು, ಸಂದಿಗೆ ಅಂಗೈ ಹಿಡಿದು ಗಾಳಿ ನೋಡಿದಳು. ಆಮೇಲೆ ಮಗುವನ್ನೆತ್ತಿಕೊಂಡು ಒಳಗೆ ಕೂತಳು. ಹಸಿರು ಬೆಳಕು ಮಗುವಿನ ಕೆನ್ನೆಗೆ ಬಿತ್ತು.

"ನೋಡೇ ಮಂಜುಳಾ, ಶ್ರೀನಿವಾಸಪುರದ ಎಳೇ ಮಾವಿನಕಾಯಿ ಥರ ಅವ್ಳೆ" ಎಂದು ನಕ್ಕಳು. ಬಾಗಿಲ ಹೊಟ್ಟೆಯಲ್ಲಿ ಉಳಿದಿದ್ದ ಎರಡು ಚೂರು ದಾರಿಯುದ್ದಕ್ಕೂ ಗಿಲಕಿಯಂತೆ ಗಲಗಲ ಅಂದವು. ಮಗು ಹಾಯಾಗಿ ನಿದ್ದೆ ಮಾಡಿತು.

ಸಂಜೆ ಆ ಕಾಯಿಯನ್ನು ನನ್ನಾಕೆ ಕೈಗೆತ್ತಿಕೊಂಡಳು. "ಗಣಪ್ಪನೇ ವಾಪಸ್ ಕಳ್ಸವ್ನೆ, ಪ್ರಸಾದ" ಎಂದು ಕತ್ತಿಯ ಹಿಂಬದಿಯಿಂದ ಒಂದೇ ಏಟು ಕೊಟ್ಟಳು. ಎರಡು ಹೋಳಾಯಿತು. ಮಗಳು, ಅಳಿಯ, ಬೀಗರು, ನಾನು ಎಲ್ಲರೂ ಸಾಲಾಗಿ ಕೂತು ಅದರ ಪಾಯಸ ಉಂಡೆವು. ನನ್ನ ಎಲೆಗೆ ಎರಡನೇ ಸಲ ಬಡಿಸುತ್ತಾ ಅವಳು ಮೆಲ್ಲಗೆ ಹೇಳಿದಳು:

"ಮುಂದಿನ ಮಗೀಗೆ ಹರಕೆ ಹೊತ್ಕೊಂಡ್ರೆ, ಬಸ್ಸಲ್ಲಿ ಹೋಗಿ."