ಅಣ್ಣನ ಸೊಂಟದ ಅಳತೆ

ಬೀದಿಯ ಮಂದಿ ಅವನನ್ನು ಟೇಪಯ್ಯ ಎಂದೇ ಕರೆಯುತ್ತಿದ್ದರು. ಅಳತೆಯ ಟೇಪು ಅವನ ಕೊರಳಿಂದ ಇಳಿದದ್ದನ್ನು ಕಂಡವರಿಲ್ಲ. ಸ್ನಾನಕ್ಕೂ ಅದನ್ನು ಹಾಕಿಕೊಂಡೇ ಹೋಗುತ್ತಾನೆ ಎಂದು ನಗುತ್ತಿದ್ದರು. ಕೈಕೆಲಸ ಮಾತ್ರ ಅಪ್ಪಟ. ಗೂನುಬೆನ್ನಿನವನೂ ಅವನು ಹೊಲಿದ ಕೋಟು ತೊಟ್ಟರೆ ನೆಟ್ಟಗೆ ಕಾಣಬೇಕು! ಮೈಯ ಕೊರತೆ ಮುಚ್ಚುವುದೇ ಟೈಲರನ ಕೆಲಸ ಎಂದು ನಂಬಿದ್ದ ಆಸಾಮಿ.

ಅವನ ಅಣ್ಣ ಬಸ್ ಡ್ರೈವರ್. ಅತ್ತಿಗೆಗೆ ಬಿಸ್ಕತ್ತು ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಗಂಡ ಮನೆಗೆ ಬರುವ ಹೊತ್ತಿಗೆ ಅವಳು ಹೊರಡುತ್ತಿದ್ದಳು. ಮೂವರದೂ ಒಂದೇ ಮನೆ, ಬೀದಿಗೆ ತೆರೆದ ಕೋಣೆಯೇ ಅಂಗಡಿ. ಒಂದು ಸಂಜೆ ಅಣ್ಣ ಡ್ಯೂಟಿ ಮುಗಿಸಿ ಅಂಗಡಿಗೇ ಬಂದು ನಿಂತ, ಪ್ಯಾಂಟನ್ನು ಕೈಯಲ್ಲಿ ಹಿಡಿದುಕೊಂಡು.

“ಜಾರ್ತಾ ಇದೆ ಕಣೋ. ಸ್ವಲ್ಪ ಟೈಟ್ ಮಾಡ್ಕೊಡು.”

“ಭಲೇ! ಹೊಟ್ಟೆ ಎಲ್ಲಿ ಬಿಟ್ಟು ಬಂದೆ ಅಣ್ಣ? ಇನ್ನೊಂದು ಮದುವೆ ಮಾಡೋಣ್ವಾ?”

“ಸುಮ್ನಿರೋ. ನಿಮ್ಮತ್ತಿಗೆಗೆ ಹೇಳ್ಬೇಡ. ಅವಳು ಗೊತ್ತಲ್ಲ, ಸೀನಿದ್ರೂ ಆಸ್ಪತ್ರೆ ಅಂತಾಳೆ.”

ಅಣ್ಣನಿಗೆ ಆಗಷ್ಟೇ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತ್ತು. ನಡೆಯಿರಿ, ಸಿಹಿ ಬಿಡಿ ಎಂದಿದ್ದರು ಡಾಕ್ಟರು. ನಡೆದ, ಬಿಟ್ಟ, ಇಳಿದ. ಇದರಲ್ಲೇನು ಸೋಜಿಗ ಎಂದುಕೊಂಡ ಟೇಪಯ್ಯ. ನಡುವೆ ಶುರುವಾದ ಮೇಲ್ಹೊಟ್ಟೆಯ ನೋವನ್ನು ಅಣ್ಣ ಗ್ಯಾಸಿನ ತಲೆಗೆ ಕಟ್ಟಿದ. ಅದು ಬೆನ್ನಿಗೆ ಹಬ್ಬಿದಾಗ ಬಸ್ಸಿನ ಸೀಟಿನ ತಲೆಗೆ ಕಟ್ಟಿದ. ಅಣ್ಣ ಮತ್ತೆ ಬಂದ, ಮತ್ತೂ ಬಂದ. ಟೇಪಯ್ಯ ಪ್ಯಾಂಟಿನ ಸೊಂಟ ಹಿಡಿದು ಹೊಲಿದ, ತೊಡೆ ಹಿಡಿದ, ಅಂಗಿಯ ಭುಜ ಬಿಚ್ಚಿ ಒಳಕ್ಕೆ ಸರಿಸಿದ. ಹೊಲಿಗೆ ಅಂದರೆ ಹೊಲಿಗೆ, ಒಂದು ಸುಕ್ಕಿಲ್ಲ! ಕನ್ನಡಿಯ ಮುಂದೆ ಅಣ್ಣ ಅವನ ಬೆನ್ನು ತಟ್ಟಿದ. ಟೇಪಯ್ಯ ಹಿಗ್ಗಿಹೋದ, ಪಾಪ.

ಅಣ್ಣನ ಕಣ್ಣು ಹಳದಿಗೆ ತಿರುಗಿ ಮೈಯೆಲ್ಲ ತುರಿಸತೊಡಗಿದ ಮೇಲೆಯೇ ಆಸ್ಪತ್ರೆಗೆ ಹೋದದ್ದು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದರು ಡಾಕ್ಟರು. ಆ ಗ್ರಂಥಿ ಜಠರದ ಹಿಂದೆ ಆಳದಲ್ಲಿ ಅಡಗಿರುತ್ತದಂತೆ, ಒತ್ತಿ ನೋಡಿದರೆ ಸುಲಭಕ್ಕೆ ಸಿಗುವುದಿಲ್ಲವಂತೆ. ಈಗ ಲಿವರಿಗೂ ಹರಡಿದೆ, ಆಪರೇಷನ್ ಮಾಡಿ ತೆಗೆಯುವ ಹಾಗಿಲ್ಲ ಎಂದರು.

“ಇಷ್ಟು ಇಳಿದುಹೋಗಿದ್ದಾರೆ. ಬಟ್ಟೆ ದೊಗಳೆ ಆಗಿದ್ದನ್ನ ಯಾರೂ ನೋಡ್ಲಿಲ್ವಾ?”

“ಇಲ್ಲ ಡಾಕ್ಟ್ರೇ,” ಎಂದಳು ಅತ್ತಿಗೆ. “ಬಟ್ಟೆ ಮೈಗೆ ಸರಿಯಾಗೇ ಇತ್ತು. ದಿನಾ ಬಾಗಿಲಲ್ಲಿ ನೋಡ್ತಿದ್ನಲ್ಲ.”

 ಬಟ್ಟೆ ಹಿಡಿದುಕೊಟ್ಟವನು ತಾನೇ ಎಂದು ಟೇಪಯ್ಯ ಹೇಳಲಿಲ್ಲ. ಆಮೇಲೆ ಡಾಕ್ಟರ ಹಿಂದೆ ಓಡಿ, “ಮೊದ್ಲೇ ಕರ್ಕೊಂಡು ಬಂದಿದ್ರೆ?” ಎಂದ.

“ಉಳೀತಿದ್ರು ಅಂತ ಹೇಳಕ್ಕಾಗಲ್ಲ. ಉಳೀತಾನೇ ಇರ್ಲಿಲ್ಲ ಅಂತಾನೂ ಹೇಳಕ್ಕಾಗಲ್ಲ.”

ಅಣ್ಣ ಬಹಳ ದಿನ ಉಳಿಯಲಿಲ್ಲ. ಹೋದವನು ಹೋಗಲೂ ಇಲ್ಲ. ಹಾಡಹಗಲಲ್ಲೇ, ಯಾರಾದರೂ ಪ್ಯಾಂಟು ಹಿಡಿದುಕೊಂಡು ಬಾಗಿಲಲ್ಲಿ ನಿಂತರೆ ಟೇಪಯ್ಯನಿಗೆ ಕಾಣುತ್ತಿದ್ದುದು ಅಣ್ಣನ ಕೈ. ಜಾರ್ತಾ ಇದೆ ಕಣೋ. ಮಿಷನ್ ನಿಲ್ಲಿಸಿದರೂ ಕೇಳುತ್ತಿತ್ತು, ಓಡಿಸಿದರೂ ಕೇಳುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಅವನನ್ನು ತಿನ್ನುತ್ತಿದ್ದುದು ಅತ್ತಿಗೆಯ ನಂಬಿಕೆ. ನನ್ನ ಪಾಲಿಗೆ ಇನ್ನು ನೀನೊಬ್ಬನೇ ಎಂದು ಊಟ ಬಡಿಸುತ್ತಿದ್ದಳು. ಇವಳಿಗೆ ಗೊತ್ತಾದ ದಿನ ಆ ತಟ್ಟೆಯೂ ಇಲ್ಲ, ಆ ಮಾತೂ ಇಲ್ಲ ಎಂದುಕೊಂಡೇ ಉಣ್ಣುತ್ತಿದ್ದ.

ಹೀಗಿರುವಾಗ ಅತ್ತಿಗೆ ತನ್ನ ಕಾರ್ಖಾನೆಯ ಮೇಲಂಗಿ ತಂದು ಮೇಜಿನ ಮೇಲಿಟ್ಟಳು.

“ಇದನ್ನ ಸ್ವಲ್ಪ ಹಿಡಿದುಕೊಡಪ್ಪ. ನೇತಾಡ್ತಾ ಇದೆ.”

ಟೇಪಯ್ಯ ಮೇಲಂಗಿ ಕೈಗೆತ್ತಿಕೊಂಡ, ಕೆಳಗಿಟ್ಟ. “ನಾನು ಹೊಲಿಯಲ್ಲ ಅತ್ತಿಗೆ.”

“ಅಯ್ಯೋ, ಏನಾಯ್ತೋ ನಿಂಗೆ? ಊಟ ಸೇರ್ತಿಲ್ಲ, ಅದಕ್ಕೆ ಇಳಿದಿದೀನಿ ಅಷ್ಟೇ.”

“ಇರ್ಬಹುದು. ಮೊದ್ಲು ಡಾಕ್ಟ್ರಿಗೆ ತೋರ್ಸಿ. ಅಲ್ಲೀತನಕ ದೊಗಳೆಯಾಗೇ ಹಾಕ್ಕೊಳ್ಳಿ. ನಾಲ್ಕು ಜನ ನೋಡ್ಲಿ, ಯಾಕೆ ಅಂತ ಕೇಳ್ಲಿ.”

ಅವಳು ಅವನ ಮುಖವನ್ನೇ ನೋಡಿದಳು. ನಗಲು ಹೊರಟಿದ್ದ ತುಟಿ ಅಲ್ಲೇ ನಿಂತಿತು.

“ಅವರ ಬಟ್ಟೆ ನೀನು ಹಿಡಿದುಕೊಡ್ತಿದ್ಯಾ?”

ಟೇಪಯ್ಯ ತಲೆ ತಗ್ಗಿಸಿದ. ಬೈಯಲಿ, ಹೊಡೆಯಲಿ ಎಂದು ಕಾದ. ಅವಳ ದನಿ ಏರಲೇ ಇಲ್ಲ.

“ಈ ಮಾತು ಅವರಿಗೂ ಒಂದ್ಸಲ ಹೇಳ್ಬಾರ್ದಿತ್ತೇನಪ್ಪ?” ಎಂದು ಕೇಳಿ, ಉತ್ತರಕ್ಕಾಗಿ ನಿಂತೇ ಇದ್ದಳು.