ಅಕ್ಕನ ಕೋಣೆಯ ಬಾಗಿಲು

ನಮ್ಮ ಭಾವ ಬಡಗಿ. ಊರವರ ಬಾಗಿಲುಗಳೆಲ್ಲ ಅವರ ಕೈಯಲ್ಲಿ ಸರಾಗ. ಅಕ್ಕನ ಕೋಣೆಯದು ಮಾತ್ರ ಹದಿನಾಲ್ಕು ವರ್ಷದಿಂದ ಹಟಮಾರಿ. ಮದುವೆಯಾದ ಬೇಸಿಗೆಯಲ್ಲಿ, ಎರಡೂ ಪಕ್ಕದಲ್ಲಿ ಉಗುರೂ ತೂರದಷ್ಟು ಬಿಗಿಯಾಗಿ ಕೂರಿಸಿ ಮೀಸೆ ತಿರುವಿದ್ದರು. ಮಳೆ ಹಿಡಿದದ್ದೇ ಹಲಗೆಗಳು ತೇವ ಕುಡಿದು ಉಬ್ಬಿದವು. ಗೋಡೆಯಲ್ಲಿ ಹೂತ ಚೌಕಟ್ಟು ಜಾಗ ಬಿಡುತ್ತದೆಯೇ? ಬಾಗಿಲು ನಡುವೆ ಡೊಂಕಾಗಿ ಅಲ್ಲೇ ಸಿಕ್ಕಿಕೊಂಡಿತು.

"ಸ್ವಲ್ಪ ಹೆರೆದು ಕೊಡಿ" ಎಂದು ಅಕ್ಕ ಕೇಳಿದರೆ, "ಈಗ ಹೆರೆದ್ರೆ ಆಮೇಲೆ ಮರ ಒಣಗಿ ಬೆರಳಗಲ ಸಂದಿ ಬಿಡುತ್ತೆ. ಬೇಸಿಗೆಗೆ ನೋಡೋಣ" ಎನ್ನುತ್ತಿದ್ದರು. ಬೇಸಿಗೆ ಬಂದರೆ, "ಈಗ ಚೆನ್ನಾಗೇ ತೆಗೆಯುತ್ತಲ್ಲ, ಇನ್ನೇನು ಹೆರೆಯೋದು?"

ಅಕ್ಕ ಹೊಲಿಗೆ ಕಲಿತು ಸರ್ಟಿಫಿಕೇಟನ್ನು ಪೆಟ್ಟಿಗೆಯಲ್ಲಿಟ್ಟವಳು. ಅಂಗಡಿ ಇಡುತ್ತೇನೆ ಎಂದಾಗಲೂ ಬೇಸಿಗೆಗೆ ನೋಡೋಣ, ಹೊಸ ಮೆಷಿನ್ ಬೇಕೆಂದಾಗಲೂ ಬೇಸಿಗೆಗೆ ನೋಡೋಣ. ಭಾವ ಕೆಟ್ಟವರಲ್ಲ. ಬೇಡ ಎಂದು ಒಮ್ಮೆಯೂ ಅಂದವರಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಈ ಮಳೆಗಾಲದಲ್ಲಿ ಅಕ್ಕನಿಗೆ ಹತ್ತಿರದ ಶಾಲೆಯೊಂದರಲ್ಲಿ ಹೊಲಿಗೆ ಕಲಿಸುವ ಕೆಲಸ ಸಿಕ್ಕಿತು. ಸೋಮವಾರ ಹತ್ತು ಗಂಟೆಯೊಳಗೆ ಬರಬೇಕು, ಇಲ್ಲದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ. ನಾನು ಜೊತೆಗೆ ಹೋಗಲೆಂದು ಒಂಬತ್ತಕ್ಕೆ ಬಂದರೆ, ಒಳಗಿನಿಂದ ಅಕ್ಕನ ದನಿ: "ಸಿಕ್ಕಿಹಾಕಿಕೊಂಡೆ ಕಣೇ."

ಮಳೆಗಾಲದಲ್ಲಿ ಆ ಬಾಗಿಲು ಪೂರ್ತಿ ಮುಚ್ಚದಂತೆ ಚಿಂದಿ ಸಿಕ್ಕಿಸಿಡುತ್ತಿದ್ದರು. ಅಂದು ಹಜಾರದಲ್ಲಿ ಭಾವನ ಗಿರಾಕಿಗಳಿದ್ದರು; ಬಟ್ಟೆ ಬದಲಾಯಿಸಲು ಅವಳು ಚಿಂದಿ ತೆಗೆದು ಬಾಗಿಲನ್ನು ನೂಕಿದ್ದಳು. ಭಾವ ಗಿರಾಕಿಗಳ ಜೊತೆ ಹೋಗಿಬಿಟ್ಟಿದ್ದರು.

ನಾನು ಹೊರಗಿನಿಂದ ಗುದ್ದಿದೆ, ಅವಳು ಒಳಗಿನಿಂದ ಎಳೆದಳು. ಕಿಟಕಿಗೆ ಸರಳು. ಒಂಬತ್ತೂವರೆಗೆ ಅಕ್ಕನಿಗೆ ಅಳು ಬಂತು. "ಹಣೇಲಿ ಬರೆದಿಲ್ಲ ಬಿಡು. ನೀನು ಹೋಗು."

ನನಗೆ ಮೈ ಉರಿಯಿತು. ಆಗಲೇ ಬಾಗಿಲ ಕೆಳಗೆ ಕಣ್ಣು ಹೋಯಿತು. ಅಲ್ಲಿ ಎರಡು ಬೆರಳು ಸಂದಿ ಹಾಗೇ ಇತ್ತು! ಮರ ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕಲ್ಲ ಎಂದು ಭಾವನೇ ಊಟಕ್ಕೆ ಕೂತಾಗಲೆಲ್ಲ ಕೊರೆಯುತ್ತಿದ್ದರು. ಅವರದೇ ಸ್ಕ್ರೂಡ್ರೈವರ್ ತಂದು ಒಳಗೆ ತೂರಿಸಿದೆ. "ಬಿಜಾಗರಿ ನಿನ್ನ ಕಡೆಗಿದೆಯಲ್ಲೇ, ಬಿಚ್ಚು."

ಹಲಗೆಯ ಮೇಲೇ ಕೂರಿಸಿದ ಪಟ್ಟಿ ಬಿಜಾಗರಿ, ಎಂಟು ಸ್ಕ್ರೂ. ಮೇಲೆಲ್ಲ ಹಳೇ ಬಣ್ಣ. ಕೆರೆದು ಕೆರೆದು ಏಳು ತೆಗೆದಳು. ಅಷ್ಟರಲ್ಲಿ ಭಾವ ಬಂದರು.

"ಅಯ್ಯೋ, ಬಿಚ್ಚಬೇಡ ಕಣೇ! ಹಲಗೆ ಸೀಳುತ್ತೆ. ನಾಲ್ಕು ದಿನ ಬಿಸಿಲು ಬಿದ್ರೆ ತಾನೇ ಸಡಿಲ ಆಗುತ್ತೆ. ಶಾಲೆ ಎಲ್ಲಿ ಓಡಿಹೋಗುತ್ತೆ?"

ಒಳಗೆ ಸದ್ದು ನಿಂತಿತು. ಅವಳು ಯಾವಾಗಲೂ ಇಲ್ಲೇ ನಿಲ್ಲುವವಳು. ನಾನು ಬಾಯಿ ತೆರೆಯುವಷ್ಟರಲ್ಲಿ ಎಂಟನೆಯ ಸ್ಕ್ರೂ ನೆಲಕ್ಕೆ ಬಿತ್ತು.

ಬಿಜಾಗರಿಯ ಕಡೆ ನಾನು ಹೆಗಲು ಕೊಟ್ಟೆ. ಬಾಗಿಲು ಕಿರುಗುಟ್ಟಿ ಕಿತ್ತುಬಂದು ಒಳಕ್ಕೆ ವಾಲಿತು. ಅಕ್ಕನ ಮೇಲೆ ಬೀಳುತ್ತದೆಂದು ಭಾವ ಹಾರಿ ಅದನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದರು. ಅವಳು ಪಕ್ಕದಿಂದ ನುಸುಳಿ ಹೊರಬಂದಳು. ಬೆರಳಲ್ಲಿ ರಕ್ತ, ಕೈಯಲ್ಲಿ ಸರ್ಟಿಫಿಕೇಟು. ಗಡಿಯಾರದಲ್ಲಿ ಹತ್ತಕ್ಕೆ ಹನ್ನೆರಡು ನಿಮಿಷ.

"ಲೇ, ಇದನ್ನ ಎಲ್ಲಿಡ್ಲಿ? ಒಂದು ಕೈ ಹಿಡಿ!" ಎಂದರು ಭಾವ.

ಅಕ್ಕ ಚಪ್ಪಲಿ ಮೆಟ್ಟಿಕೊಂಡಳು.

"ಹಿಡ್ಕೊಂಡಿರಿ," ಎಂದಳು. "ಬೇಸಿಗೆಗೆ ನೋಡೋಣ."